ಬಾಸ್ಕ್ ನಾಡಿನಲ್ಲಿ ಪಿಂಚೊ ಮತ್ತು ವೈನ್: ಬಾರಿನಿಂದ ಬಾರಿಗೆ ನಡೆಯುವವರಿಗೊಂದು ಮಾರ್ಗದರ್ಶಿ

ಸ್ಪೇನಿನ ಉತ್ತರದಲ್ಲಿ, ಬಿಸ್ಕೆ ಕೊಲ್ಲಿಯ ಅಂಚಿಗಿರುವ ಬಾಸ್ಕ್ ನಾಡಿಗೆ ಹೋದ ಪ್ರವಾಸಿಗರಲ್ಲಿ ಅನೇಕರು ಮೊದಲ ಸಂಜೆಯೇ ಒಂದು ಅವಸರ ಮಾಡುತ್ತಾರೆ. ಕಣ್ಣಿಗೆ ಬಿದ್ದ ಮೊದಲ ಬಾರಿಗೆ ಹೊಕ್ಕು, ಕೌಂಟರಿನ ಮೇಲೆ ಸಾಲಾಗಿ ಜೋಡಿಸಿಟ್ಟ ಬಣ್ಣಬಣ್ಣದ ಪಿಂಚೊಗಳನ್ನು ದೊಡ್ಡ ತಟ್ಟೆಯೊಂದರಲ್ಲಿ ಎಂಟು ಹತ್ತು ತುಂಬಿಸಿಕೊಂಡು, ಮೂಲೆಯ ಮೇಜು ಹಿಡಿದು, ಅಲ್ಲಿಯೇ ಊಟ ಮುಗಿಸಿ ಏಳುತ್ತಾರೆ. ಹೊಟ್ಟೆಯೇನೋ ತುಂಬುತ್ತದೆ, ಆದರೆ ಆ ಊರಿನವರು ಪಿಂಚೊ ತಿನ್ನುವ ಕ್ರಮಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿನ ಪದ್ಧತಿಯಲ್ಲಿ ಒಂದು ಬಾರಿನಲ್ಲಿ ಒಂದೇ ತಿನಿಸು, ಒಂದೇ ಸಣ್ಣ ಲೋಟ. ಅದು ಮುಗಿಯಿತೆಂದರೆ ಮುಂದಿನ ಬಾರು. ಪ್ರತಿಯೊಂದು ಬಾರಿಗೂ ಹೆಸರು ತಂದ ತಿನಿಸು ಒಂದೋ ಎರಡೋ ಇರುತ್ತದೆ, ಉಳಿದವು ಅಷ್ಟಕ್ಕಷ್ಟೆ. ಆದ್ದರಿಂದ ಎಲ್ಲಿ ಏನನ್ನು ಕೇಳಬೇಕು ಮತ್ತು ಎಲ್ಲಿಂದ ಯಾವಾಗ ಹೊರಡಬೇಕು ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಈ ಲೇಖನವನ್ನು ಆ ಕ್ರಮದಲ್ಲಿಯೇ ಬರೆದಿದ್ದೇನೆ.

ಪಿಂಚೊ ಎಂದರೆ ಎರಡು ಮೂರು ತುತ್ತಿನಲ್ಲಿ ಮುಗಿಯುವ ಸಣ್ಣ ತಿನಿಸು. ಬ್ರೆಡ್ಡಿನ ತುಂಡಿನ ಮೇಲೆ ಏನನ್ನಾದರೂ ಇಟ್ಟು ಕಡ್ಡಿ ಚುಚ್ಚಿದ್ದು ಅದರ ಹಳೆಯ ರೂಪ. ಈಗ ಬ್ರೆಡ್ಡೂ ಇಲ್ಲದ, ಕಡ್ಡಿಯೂ ಇಲ್ಲದ, ಪುಟ್ಟ ತಟ್ಟೆಯಲ್ಲಿ ಬಿಸಿಯಾಗಿ ಬರುವ ತಿನಿಸಿಗೂ ಅದೇ ಹೆಸರು. ಸ್ಪೇನಿನ ದಕ್ಷಿಣದ ಕೆಲವು ಊರುಗಳಲ್ಲಿ ಪಾನೀಯದ ಜೊತೆಗೆ ತಪಾಸ್ ಎಂಬ ಸಣ್ಣ ತಿನಿಸು ಉಚಿತವಾಗಿ ಬರುವುದನ್ನು ಕಂಡವರು ಇಲ್ಲಿಯೂ ಹಾಗೆಯೇ ಎಂದುಕೊಳ್ಳಬಾರದು. ಇಲ್ಲಿ ಪ್ರತಿಯೊಂದು ಪಿಂಚೊಗೂ ಬೆಲೆಯುಂಟು.

ಮೊದಲ ಹೆಜ್ಜೆ: ಊರು, ದಿನ, ಹೊತ್ತು

ಮೊದಲ ಬಾರಿ ಹೋಗುವವರು ಸಾನ್ ಸೆಬಾಸ್ತಿಯಾನ್ ನಗರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬಾಸ್ಕ್ ಭಾಷೆಯಲ್ಲಿ ಇದರ ಹೆಸರು ದೊನೊಸ್ತಿಯ, ಮತ್ತು ಬಸ್ಸು ರೈಲುಗಳ ಫಲಕಗಳಲ್ಲಿ ಎರಡೂ ಹೆಸರು ಕಾಣಿಸುತ್ತವೆ. ಇಲ್ಲಿನ ಹಳೆಯ ಪೇಟೆ ಎಷ್ಟು ಚಿಕ್ಕದೆಂದರೆ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ, ಆದರೆ ಅಷ್ಟರೊಳಗೆ ಬಾರುಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಂತಿವೆ. ಬಿಲ್ಬಾವೊ ವಿಮಾನ ನಿಲ್ದಾಣದಿಂದ ನೇರ ಬಸ್ಸಿದೆ, ಸುಮಾರು ಒಂದೂಕಾಲು ಗಂಟೆಯ ದಾರಿ. ಪ್ಯಾರಿಸ್ ಕಡೆಯಿಂದ ಬರುವವರು ಗಡಿಯ ಅಂದಾಯ್ ಊರಿನಲ್ಲಿಳಿದು, ಸ್ಥಳೀಯರು ನೆಲದಡಿ ಸುರಂಗ ಕೊರೆಯುವ ಮೋಲ್ ಎಂಬ ಪ್ರಾಣಿಯ ಅರ್ಥದಲ್ಲಿ 'ತೊಪೊ' ಎಂದು ಕರೆಯುವ ಎವುಸ್ಕೊತ್ರೆನ್ ಕಂಪನಿಯ ಸಣ್ಣ ರೈಲನ್ನು ಹಿಡಿಯಬಹುದು. ಅದು ಮುಕ್ಕಾಲು ಗಂಟೆಯೊಳಗೆ ನಗರದ ನಡುವಿಗೆ ತಲುಪಿಸುತ್ತದೆ. ಬಿಲ್ಬಾವೊ ದೊಡ್ಡ ನಗರ, 1997ರಲ್ಲಿ ತೆರೆದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯಕ್ಕಾಗಿ ಬಹಳ ಮಂದಿ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ತಂಗುವವರು ಕಮಾನುಗಳ ಸಾಲಿನಿಂದ ಸುತ್ತುವರಿದ ಪ್ಲಾಸ ನುಯೆವ ಚೌಕದಲ್ಲಿ ಇದೇ ಕ್ರಮವನ್ನು ಅನುಸರಿಸಬಹುದು.

ಹೊತ್ತಿನ ವಿಷಯದಲ್ಲಿ ನಮ್ಮ ಅಭ್ಯಾಸವನ್ನು ಪಕ್ಕಕ್ಕಿಡಬೇಕಾಗುತ್ತದೆ. ಮಧ್ಯಾಹ್ನದ ಸುತ್ತು ಹನ್ನೆರಡೂವರೆಯಿಂದ ಮೂರರವರೆಗೆ, ಸಂಜೆಯ ಸುತ್ತು ಏಳೂವರೆಯಿಂದ ಹತ್ತೂವರೆಯವರೆಗೆ. ನಡುವೆ ಅನೇಕ ಅಡುಗೆಮನೆಗಳು ಮುಚ್ಚಿರುತ್ತವೆ, ಮತ್ತು ಸಂಜೆ ಐದಕ್ಕೆ ಹೋದವರಿಗೆ ಮಧ್ಯಾಹ್ನ ಉಳಿದದ್ದೇ ಗತಿ. ಹಸಿವು ತಡೆಯದವರು, ಅದರಲ್ಲಿಯೂ ಮಕ್ಕಳೊಂದಿಗೆ ಹೋಗುವವರು, ಮಧ್ಯಾಹ್ನದ ಸುತ್ತನ್ನೇ ಮುಖ್ಯವಾಗಿಟ್ಟುಕೊಳ್ಳಲಿ. ಬಾರು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಕೌಂಟರು ತಾಜಾ ಆಗಿರುತ್ತದೆ, ನೂಕುನುಗ್ಗಲು ಇರುವುದಿಲ್ಲ, ಕೇಳಿದ್ದಕ್ಕೆ ಉತ್ತರಿಸುವಷ್ಟು ಬಿಡುವು ಬಾರಿನವರಿಗೂ ಇರುತ್ತದೆ. ಭಾನುವಾರ ರಾತ್ರಿ ಮತ್ತು ಸೋಮವಾರ ಹೆಸರುವಾಸಿ ಬಾರುಗಳು ಅನೇಕ ಮುಚ್ಚಿರುವುದರಿಂದ ಆ ಎರಡು ದಿನಗಳನ್ನೇ ನಂಬಿಕೊಂಡು ಪ್ರವಾಸ ಹಾಕಿಕೊಳ್ಳಬಾರದು. ಗುರುವಾರ ಸಂಜೆ ಸಿಕ್ಕಿದರೆ ಬಿಡಬಾರದು: ಸಾನ್ ಸೆಬಾಸ್ತಿಯಾನಿನ ಗ್ರೋಸ್ ಬಡಾವಣೆಯಲ್ಲಿ ಅಂದು 'ಪಿಂಚೊ ಪೊತೆ' ಎಂಬ ಏರ್ಪಾಡು ಇರುತ್ತದೆ. ಒಂದು ಪಾನೀಯ ಮತ್ತು ಒಂದು ಪಿಂಚೊ ಸೇರಿ ಕಡಿಮೆ ಬೆಲೆಗೆ ಕೊಡುವ ಈ ಸಂಜೆಗೆ ಪ್ರವಾಸಿಗರಿಗಿಂತ ಊರಿನ ಯುವಜನರೇ ಹೆಚ್ಚು ಬರುತ್ತಾರೆ. ತಿನಿಸು ಸಾಧಾರಣವಾದರೂ ಬೀದಿಯ ಗೌಜು ನೋಡುವಂಥದ್ದು.

ಕರ್ನಾಟಕದಲ್ಲಿ ಬಾರ್ ಎಂದ ಕೂಡಲೇ ಮನಸ್ಸಿಗೆ ಬರುವ ಮಬ್ಬುಗತ್ತಲ ಕೋಣೆಯನ್ನು ಇಲ್ಲಿ ಮರೆಯಬಹುದು. ಅಜ್ಜಿಯರು, ಕೈಗೂಸನ್ನು ಎತ್ತಿಕೊಂಡ ದಂಪತಿಗಳು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಬರುವ ಜಾಗ ಅದು. ಕುಡಿಯದವರು ಸಂಕೋಚಪಡಬೇಕಾದ ಕಾರಣವೂ ಇಲ್ಲ.

ಎರಡನೆಯ ಹೆಜ್ಜೆ: ಕೌಂಟರನ್ನೂ ಕಪ್ಪು ಹಲಗೆಯನ್ನೂ ಓದುವುದು

ಒಳಗೆ ಕಾಲಿಟ್ಟ ಮೇಲೆ ಮೊದಲು ನೋಡಬೇಕಾದದ್ದು ಕೌಂಟರನ್ನಲ್ಲ, ಗೋಡೆಯ ಮೇಲಿನ ಕಪ್ಪು ಹಲಗೆಯನ್ನು. ಕೌಂಟರಿನ ಮೇಲಿರುವವು ತಣ್ಣನೆಯ ಪಿಂಚೊಗಳು, ಬೆಳಿಗ್ಗೆಯೋ ಮಧ್ಯಾಹ್ನವೋ ಮಾಡಿಟ್ಟವು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವವು ಕೇಳಿದ ಮೇಲೆ ಅಡುಗೆಮನೆಯಲ್ಲಿ ಮಾಡಿಕೊಡುವ ಬಿಸಿ ಪಿಂಚೊಗಳು. ಬಾರಿನ ನಿಜವಾದ ಕೈಗುಣ ಗೊತ್ತಾಗುವುದು ಇವುಗಳಲ್ಲಿಯೇ. 1976ರ ನಂತರ ಹುವಾನ್ ಮಾರಿ ಅರ್ಸಾಕ್, ಪೆದ್ರೊ ಸುಬಿಹಾನ ಮೊದಲಾದ ಬಾಣಸಿಗರು ಫ್ರಾನ್ಸಿನ ಹೊಸ ಅಡುಗೆಯಿಂದ ಪ್ರೇರಣೆ ಪಡೆದು, ತಮ್ಮ ನಾಡಿನ ಸಾಮಗ್ರಿಗಳಿಗೆ ಹೊಸ ರೂಪ ಕೊಡುವ ಚಳವಳಿಯನ್ನು ಇದೇ ಊರಿನ ಸುತ್ತ ಆರಂಭಿಸಿದರು. ದುಬಾರಿ ರೆಸ್ಟೋರೆಂಟುಗಳಲ್ಲಿ ಹುಟ್ಟಿದ ಆ ಅಡುಗೆ ಕ್ರಮೇಣ ಬಾರಿನ ಪುಟ್ಟ ತಟ್ಟೆಗೂ ಇಳಿದು ಬಂದಿತು. ಸಾನ್ ತೆಲ್ಮೊ ವಸ್ತುಸಂಗ್ರಹಾಲಯದ ಹತ್ತಿರವಿರುವ ಲಾ ಕುಚಾರ ದೆ ಸಾನ್ ತೆಲ್ಮೊ ಎಂಬ ಬಾರಿನಲ್ಲಿ ಕೌಂಟರಿನ ಮೇಲೆ ಪಿಂಚೊಗಳನ್ನು ಜೋಡಿಸಿಡುವುದೇ ಇಲ್ಲ, ಎಲ್ಲವೂ ಹಲಗೆಯಿಂದಲೇ. ಹೊಸಬರು ಖಾಲಿ ಕೌಂಟರನ್ನು ಕಂಡು ಹಿಂದಿರುಗಿದರೆ ನಷ್ಟ ಅವರದ್ದೇ.

ಹಾಗೆಂದು ತಣ್ಣನೆಯವನ್ನೆಲ್ಲ ತಳ್ಳಿಹಾಕಬೇಕಾಗಿಲ್ಲ. ಅವುಗಳಲ್ಲಿ ಒಂದನ್ನಂತೂ ತಿನ್ನಲೇಬೇಕು, ಅದು ಹಿಲ್ಡಾ. ಒಂದು ಕಡ್ಡಿಗೆ ಹಸಿರು ಆಲಿವ್, ವಿನೆಗರಿನಲ್ಲಿ ನೆನೆಸಿದ ಇಬಾರ್ರ ಊರಿನ ತೆಳುವಾದ ಹಸಿ ಮೆಣಸಿನಕಾಯಿ, ಉಪ್ಪಿನಲ್ಲಿ ಕಟ್ಟಿದ ಆಂಚೊವಿ ಮೀನು, ಇಷ್ಟನ್ನೇ ಪೋಣಿಸಿದ ಪಿಂಚೊ ಇದು. 1940ರ ದಶಕದಲ್ಲಿ ಈ ಊರಿನ ಕಾಸಾ ವಾಯೆಸ್ ಬಾರಿನಲ್ಲಿ ಇದು ರೂಪುಗೊಂಡಿತೆನ್ನುತ್ತಾರೆ, ಮತ್ತು 1946ರ ಅದೇ ಹೆಸರಿನ ಹಾಲಿವುಡ್ ಚಿತ್ರದಲ್ಲಿ ರೀಟಾ ಹೇವರ್ತ್ ವಹಿಸಿದ ಪಾತ್ರದಿಂದ ಇದಕ್ಕೆ ಹೆಸರು ಬಂದಿತು. ಉಪ್ಪು, ಹುಳಿ, ನಸುಖಾರ ಮೂರೂ ಒಟ್ಟಿಗಿರುವ ಈ ತಿನಿಸು ಉಪ್ಪಿನಕಾಯಿಗೆ ಒಗ್ಗಿದ ನಾಲಿಗೆಗೆ ಕೂಡಲೇ ಹಿಡಿಸುತ್ತದೆ. ಮೂರನ್ನೂ ಒಂದೇ ತುತ್ತಿನಲ್ಲಿ ಬಾಯಿಗೆ ಹಾಕಿಕೊಳ್ಳಬೇಕು, ಬಿಡಿಬಿಡಿಯಾಗಿ ತಿಂದರೆ ಅದರ ರುಚಿಯೇ ಸಿಗದು. ಸುತ್ತಿನ ಮೊದಲ ಪಿಂಚೊ ಇದೇ ಆಗಿರಲಿ ಎಂಬುದು ನನ್ನ ಸಲಹೆ, ಏಕೆಂದರೆ ಇದು ಹಸಿವನ್ನು ಕೆರಳಿಸುತ್ತದೆ ಮತ್ತು ಹೊಟ್ಟೆಯಲ್ಲಿ ಜಾಗವನ್ನು ತೆಗೆದುಕೊಳ್ಳುವುದಿಲ್ಲ.

ಮೂರನೆಯ ಹೆಜ್ಜೆ: ಕೇಳುವುದು, ತಿನ್ನುವುದು, ಕೊಡುವುದು

ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ತಿಂದು ಅಭ್ಯಾಸವಿರುವವರಿಗೆ ಪಿಂಚೊ ಬಾರಿನ ನಡವಳಿಕೆ ಅಪರಿಚಿತವೆನಿಸುವುದಿಲ್ಲ: ಕುರ್ಚಿಗಾಗಿ ಕಾಯಬಾರದು, ಮೊಣಕೈ ಊರುವಷ್ಟು ಜಾಗ ಸಿಕ್ಕಿದರೆ ಅಷ್ಟೇ ಸಾಕು. ವ್ಯತ್ಯಾಸವೆಂದರೆ ಇಲ್ಲಿ ಮೊದಲು ಟೋಕನ್ ಕೊಳ್ಳುವ ಪದ್ಧತಿ ಇಲ್ಲ. ತಿಂದು ಕುಡಿದು ಮುಗಿಸಿದ ಮೇಲೆ, ಹೊರಡುವಾಗ ಹಣ ಕೊಡುವುದು ವಾಡಿಕೆ. ಜನಸಂದಣಿ ಹೆಚ್ಚಿರುವ ಕೆಲವು ಕಡೆ ಮಾತ್ರ ಆಗಲೇ ಕೇಳಿ ಪಡೆಯುತ್ತಾರೆ.

ಮೊದಲು ಪಾನೀಯವನ್ನು ಹೇಳಬೇಕು, ಅದು ಕೈಗೆ ಬಂದ ಮೇಲೆ ತಿನಿಸು. ಕೌಂಟರಿನ ಮೇಲಿನ ಪಿಂಚೊಗೆ ನೀವೇ ಕೈಹಾಕಬಹುದೋ ಬಾರಿನವರೇ ಎತ್ತಿಕೊಡುತ್ತಾರೋ ಎಂಬುದು ಬಾರಿನಿಂದ ಬಾರಿಗೆ ಬದಲಾಗುತ್ತದೆ. ಪಕ್ಕದವರನ್ನು ಅರೆಕ್ಷಣ ಗಮನಿಸಿದರೆ ತಿಳಿಯುತ್ತದೆ, ಅನುಮಾನವಿದ್ದರೆ ಬೆರಳು ತೋರಿಸಿ ಕೇಳುವುದು ಸಭ್ಯತೆ. ಖಾಲಿ ತಟ್ಟೆ ಹಿಡಿದು ಕೌಂಟರಿನುದ್ದಕ್ಕೂ ನಡೆಯುವುದನ್ನು ಬಿಡಬೇಕು. ಕೆಲವು ಬಾರುಗಳು ಬಂದವರ ಕೈಗೆ ತಾವಾಗಿಯೇ ದೊಡ್ಡ ತಟ್ಟೆಯನ್ನು ಕೊಡುವುದುಂಟು, ಅದು ಪ್ರವಾಸಿಗರನ್ನು ನೆಚ್ಚಿಕೊಂಡ ಬಾರು ಎಂಬುದಕ್ಕೆ ಅಷ್ಟು ಸಾಕು. ತಿಂದ ಕಡ್ಡಿಗಳನ್ನು ತಟ್ಟೆಯಲ್ಲಿಯೇ ಇಟ್ಟುಕೊಳ್ಳಿ, ಏಕೆಂದರೆ ಲೆಕ್ಕ ಹಾಕುವಾಗ ಅವೇ ಗುರುತು. ಕಡ್ಡಿಯಿಲ್ಲದವನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಈ ವ್ಯವಹಾರವೆಲ್ಲ ಗಿರಾಕಿಯ ಪ್ರಾಮಾಣಿಕತೆಯ ಮೇಲೆ ನಿಂತಿದೆ, ಮತ್ತು ಅದನ್ನು ಉಳಿಸುವ ಹೊಣೆ ಹೊರಗಿನಿಂದ ಹೋದವರ ಮೇಲೂ ಇದೆ.

ಸ್ಪ್ಯಾನಿಷ್ ಎಲ್ಲರಿಗೂ ತಿಳಿಯುತ್ತದೆ. ಕೆಲಸಕ್ಕೆ ಬರುವ ಮಾತುಗಳು ಸ್ವಲ್ಪವೇ: 'ಉನ್ ಚಕೊಲಿ, ಪೊರ್ ಫವೋರ್' ಎಂದರೆ ಒಂದು ಲೋಟ ಚಕೊಲಿ, ಅಂದರೆ ಇಲ್ಲಿನ ಬಿಳಿ ವೈನ್, ಕೊಡಿ ಎಂದರ್ಥ, 'ಲಾ ಕುವೆಂತ, ಪೊರ್ ಫವೋರ್' ಎಂದರೆ ಲೆಕ್ಕ ಹೇಳಿ ಎಂದರ್ಥ. ಒಳಬರುವಾಗ 'ಕಾಯ್ಶೊ' ಎಂದು ವಂದಿಸಿ, ಹೊರಡುವಾಗ 'ಎಸ್ಕೆರ್ರಿಕ್ ಅಸ್ಕೊ' ಎಂದು ಧನ್ಯವಾದ ಹೇಳಿದರೆ ಬಾರಿನವರ ಮುಖ ಅರಳುತ್ತದೆ. ಇವೆರಡೂ ಬಾಸ್ಕ್ ಮಾತುಗಳು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯಲ್ಲಿ ಸಾರ್ವಜನಿಕ ಬಳಕೆಯಿಂದ ಅದುಮಲ್ಪಟ್ಟು, ಆಮೇಲೆ ಶಾಲೆಗಳ ಮೂಲಕ ಮತ್ತೆ ಬಲಗೊಂಡ ಭಾಷೆಯದು. ಅದರ ಒಂದೆರಡು ಪದಗಳನ್ನು ಕಲಿತು ಹೋದವರನ್ನು ಆ ಊರು ಗಮನಿಸುತ್ತದೆ.

ಗೆಳೆಯರ ಗುಂಪಿನೊಂದಿಗೆ ಹೋದರೆ ಅಲ್ಲಿನವರದೇ ಒಂದು ಉಪಾಯವನ್ನು ಬಳಸಿಕೊಳ್ಳಬಹುದು. ಸುತ್ತು ಆರಂಭವಾಗುವ ಮುನ್ನ ಎಲ್ಲರೂ ಸಮನಾಗಿ ಹಣ ಹಾಕಿ ಒಬ್ಬರ ಕೈಗೆ ಕೊಡುತ್ತಾರೆ, ಪ್ರತಿ ಬಾರಿನಲ್ಲಿಯೂ ಕೊಡುವವರು ಅವರೊಬ್ಬರೇ. ಪ್ರತಿ ಸಲವೂ ಲೆಕ್ಕ ಹಂಚಿಕೊಳ್ಳುತ್ತ ನಿಂತರೆ ಸುತ್ತಿನ ಓಟವೇ ಕೆಡುತ್ತದೆ. ತಣ್ಣನೆಯ ಪಿಂಚೊಗೆ ಸಾಮಾನ್ಯವಾಗಿ 3 ಯೂರೊ ಆಸುಪಾಸು, ಬಿಸಿಯದಕ್ಕೆ 4ರಿಂದ 6 ಯೂರೊ ಎಂದಿಟ್ಟುಕೊಂಡು, ನಾಲ್ಕೈದು ಬಾರುಗಳ ಒಂದು ಸಂಜೆಗೆ ತಲೆಗೆ 30ರಿಂದ 35 ಯೂರೊ ತೆಗೆದಿಡುವುದು ಸುರಕ್ಷಿತ. ಟಿಪ್ಸ್ ಕೊಡಲೇಬೇಕೆಂಬ ನಿಯಮವಿಲ್ಲ, ಚಿಲ್ಲರೆ ಬಿಟ್ಟು ಬರುವುದು ಧಾರಾಳ.

ನಾಲ್ಕನೆಯ ಹೆಜ್ಜೆ: ಒಂದು ಸಂಜೆಯ ದಾರಿ

ಸಾನ್ ಸೆಬಾಸ್ತಿಯಾನಿನ ಹಳೆಯ ಪೇಟೆಯಲ್ಲಿ ಎರಡು ಬೀದಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಒಂದು ಫೆರ್ಮಿನ್ ಕಲ್ಬೆತೋನ್, ಇನ್ನೊಂದು ಆಗಸ್ಟ್ 31 ಎಂಬ ದಿನಾಂಕವನ್ನೇ ಹೆಸರಾಗಿ ಹೊತ್ತ ಬೀದಿ. 1813ರ ಆ ದಿನ, ನೆಪೋಲಿಯನ್ ಸೈನ್ಯದ ಹಿಡಿತದಲ್ಲಿದ್ದ ಊರನ್ನು ಬ್ರಿಟಿಷ್ ಮತ್ತು ಪೋರ್ಚುಗೀಸ್ ಪಡೆಗಳು ವಶಪಡಿಸಿಕೊಂಡು, ಬಿಡಿಸಲು ಬಂದವರೇ ಕೊಳ್ಳೆಹೊಡೆದು ಬೆಂಕಿಯಿಟ್ಟರು. ಉಳಿದದ್ದು ಹೆಚ್ಚುಕಡಿಮೆ ಈ ಒಂದು ಬೀದಿಯ ಮನೆಗಳು ಮಾತ್ರ. ಈಗ ಕಾಣುವ ಉಳಿದ ಪೇಟೆಯೆಲ್ಲ ಅನಂತರ ಕಟ್ಟಿದ್ದು.

ಸಂಜೆ ಏಳೂವರೆಗೆ ಒಂದು ಹಿಲ್ಡಾ ಮತ್ತು ಒಂದು ಲೋಟ ಚಕೊಲಿಯಿಂದ ಆರಂಭಿಸಿ. ಮೀನು ತಿನ್ನುವವರು ಎರಡನೆಯ ನಿಲುಗಡೆಯನ್ನು ಚೆಪೆಚ ಬಾರಿನಲ್ಲಿ ಮಾಡಬಹುದು, ಅಲ್ಲಿ ವಿನೆಗರಿನಲ್ಲಿ ಹದಗೊಳಿಸಿದ ಆಂಚೊವಿಯದೇ ಬಗೆಬಗೆಯ ಪಿಂಚೊಗಳು. ಅಲ್ಲಿಂದ ಗಂಬಾರ ಬಾರು: ಅಣಬೆಗಳನ್ನು ಬಿಸಿ ಹಂಚಿನ ಮೇಲೆ ಬಾಡಿಸಿ, ನಡುವೆ ಹಸಿ ಮೊಟ್ಟೆಯ ಹಳದಿಯನ್ನಿಟ್ಟು ಕೊಡುತ್ತಾರೆ, ಹಳದಿಯನ್ನು ಒಡೆದು ಅಣಬೆಗೆ ಬೆರೆಸಿಕೊಂಡು ತಿನ್ನಬೇಕು. ಇದು ಪಿಂಚೊಗಿಂತ ದೊಡ್ಡ ತಟ್ಟೆ, ಬೆಲೆಯೂ ಅದಕ್ಕೆ ತಕ್ಕಂತೆ, ಇಬ್ಬರು ಮೂವರು ಹಂಚಿಕೊಳ್ಳುವುದು ಲೇಸು. ಸಾನ್ ತೆಲ್ಮೊ ಹತ್ತಿರದ ಬಾರಿನಲ್ಲಿ ಮೆತ್ತಗೆ ಬೆಂದ ಕೆನ್ನೆಯ ಮಾಂಸ ಪ್ರಸಿದ್ಧ. ಅದು ಕರುವಿನದು ಎಂಬುದನ್ನು ಗೋಮಾಂಸ ತಿನ್ನದವರು ತಿಳಿದಿರಲಿ. ಫೆರ್ಮಿನ್ ಕಲ್ಬೆತೋನಿನ ಬೊರ್ದ ಬೆರ್ರಿ ಬಾರಿನಲ್ಲಿ ಇದಿಯಾಸಬಲ್ ಗಿಣ್ಣು ಹಾಕಿದ, ಅಕ್ಕಿಯಾಕಾರದ ಪಾಸ್ತಾದ ರಿಸೊತ್ತೊ ಸಿಗುತ್ತದೆ. ಕೊನೆಗೆ ಆಗಸ್ಟ್ 31ರ ಬೀದಿಯ ಲಾ ವೀನ್ಯ. ಇಂದು ಬೆಂಗಳೂರಿನ ಬೇಕರಿಗಳಲ್ಲಿಯೂ ಬಾಸ್ಕ್ ಚೀಸ್‌ಕೇಕ್ ಎಂಬ ಹೆಸರಿನಲ್ಲಿ ಮಾರುವ, ಮೇಲ್ಭಾಗ ಕಪ್ಪಾಗುವಂತೆ ಸುಟ್ಟ ಕೇಕನ್ನು 1990ರ ಸುಮಾರಿಗೆ ಸಾಂತಿಯಾಗೊ ರಿವೇರ ರೂಪಿಸಿದ್ದು ಈ ಬಾರಿನಲ್ಲಿಯೇ. ಬಾಸ್ಕ್ ನಾಡಿನ ಪುರಾತನ ಸಿಹಿಯೆಂದು ಅದನ್ನು ನಂಬಿದವರಿಗೆ ಈ ಇಸವಿ ಅಚ್ಚರಿ ತರಬಹುದು. ಅದನ್ನು ತಂಪಾಗಿಸದೆ, ನಡುವೆ ಇನ್ನೂ ಮೆತ್ತಗಿರುವಂತೆಯೇ ಬಡಿಸುತ್ತಾರೆ. ಒಂದು ತಟ್ಟೆಗೆ ಎರಡು ತುಂಡು ಬರುವುದು ರೂಢಿ, ಆದ್ದರಿಂದ ಇಬ್ಬರಿಗೆ ಒಂದೇ ಸಾಕು.

ಬಾರ್ ನೆಸ್ತೋರ್ ವಿಷಯ ಬೇರೆ. ಆಲೂಗಡ್ಡೆ, ಈರುಳ್ಳಿ, ಹಸಿರು ಮೆಣಸು ಮತ್ತು ಮೊಟ್ಟೆಯ ದಪ್ಪ ತೊರ್ತಿಯವನ್ನು ಅಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು ಮಾತ್ರ ಮಾಡುತ್ತಾರೆ. ಅದರ ತುಂಡು ಬೇಕಾದವರು ಸುಮಾರು ಒಂದು ಗಂಟೆ ಮೊದಲೇ ಬಾಗಿಲಿಗೆ ಹೋಗಿ ಹೆಸರು ಬರೆಸಬೇಕು. ತುಂಡು ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಒಂದೇ ಸಂಜೆ ಮಾತ್ರ ಕೈಯಲ್ಲಿರುವವರು ಅದಕ್ಕಾಗಿ ಸರದಿಯಲ್ಲಿ ನಿಲ್ಲುವುದಕ್ಕಿಂತ ಆ ಹೊತ್ತಿನಲ್ಲಿ ಎರಡು ಬಾರುಗಳನ್ನು ನೋಡುವುದು ಮೇಲು.

ಬಾರುಗಳ ಹೆಸರಿಗಿಂತ ಋತುವಿನ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ವಸಂತದಲ್ಲಿ ಕೊಲ್ಲಿಯ ಆಂಚೊವಿ, ಬೇಸಿಗೆಯಲ್ಲಿ ಬೊನಿತೊ ಎಂಬ ಬಿಳಿ ಟ್ಯೂನ ಮತ್ತು ಟೊಮೇಟೊ, ಶರತ್ಕಾಲದಲ್ಲಿ ಕಾಡಿನ ಅಣಬೆ. ಕೌಂಟರಿನ ಮೇಲೆ ಬ್ರೆಡ್ಡಿನ ಮೇಲೆ ಹರಡಿದ ಬೂದುಬಣ್ಣದ ಸಣ್ಣ ಎಳೆಗಳು ಕಂಡರೆ ಅವು ಚಳಿಗಾಲದ ಬೆಲೆಬಾಳುವ ಹಾವುಮೀನಿನ ಮರಿಗಳಲ್ಲ. ಮೀನಿನ ಹಿಟ್ಟಿನಿಂದ ಮಾಡಿದ ಅದರ ಅಗ್ಗದ ಅನುಕರಣೆ.

ಸಸ್ಯಾಹಾರಿಗಳಿಗೆ

ನಮ್ಮ ಓದುಗರಲ್ಲಿ ಬಹಳ ಮಂದಿಗೆ ಮುಖ್ಯವಾದ ಪ್ರಶ್ನೆ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಾಸ್ಕ್ ನಾಡು ಮೀನು ಮಾಂಸಗಳ ನಾಡು. ಸಸ್ಯಾಹಾರಿಗೆ ಅಲ್ಲಿ ಉಪವಾಸವಿಲ್ಲ, ಆದರೆ ಎಚ್ಚರವಿಲ್ಲದೆ ನಡೆಯುವುದಿಲ್ಲ. 'ಸಸ್ಯಾಹಾರಿ' ಎಂಬ ಒಂದೇ ಮಾತನ್ನು ನೆಚ್ಚಬಾರದು, ಏಕೆಂದರೆ ಮಾಂಸ ಬೇಡವೆಂದರೆ ಮೀನು ನಡೆಯುತ್ತದೆ ಎಂದೋ, ಹಂದಿಯ ಒಣ ತೊಡೆಮಾಂಸವಾದ ಹಮೋನ್ ನಾಲ್ಕು ಚೂರು ಇದ್ದರೆ ಅಡ್ಡಿಯಿಲ್ಲ ಎಂದೋ ಎಣಿಸುವವರು ಈಗಲೂ ಇದ್ದಾರೆ. 'ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್', ಅಂದರೆ ಮಾಂಸ, ಮೀನು, ಹಮೋನ್ ಯಾವುದನ್ನೂ ತಿನ್ನುವುದಿಲ್ಲ ಎಂದು ಬಿಡಿಸಿ ಹೇಳಬೇಕು. ಮೊಟ್ಟೆಯೂ ಬೇಡವಾದವರು 'ಸಿನ್ ವೆವೊ' ಎಂದು ಸೇರಿಸಲಿ.

ಹೆಸರನ್ನು ನೋಡಿ ಮೋಸಹೋಗುವ ತಿನಿಸುಗಳು ಕೆಲವಿವೆ. 'ವೆಹೆತಾಲ್' ಎಂಬ ಸ್ಯಾಂಡ್‌ವಿಚ್‌ನಲ್ಲಿ ತರಕಾರಿಯ ಜೊತೆಗೆ ಟ್ಯೂನ ಮತ್ತು ಮೊಟ್ಟೆ ಇರುವುದು ಸಾಮಾನ್ಯ. ಆಲೂಗಡ್ಡೆಯ ರಷ್ಯನ್ ಸಲಾಡಿನಲ್ಲಿಯೂ ಟ್ಯೂನ ಇರುತ್ತದೆ. ಕ್ರೊಕೆತ ಎಂಬ ಕರಿದ ಉಂಡೆಯ ಒಳಗೆ ಬಹುಪಾಲು ಹಮೋನ್ ಅಥವಾ ಕಾಡ್ ಮೀನು, ಕೆಂಪು ಮೆಣಸಿನ ಹೂರಣದಲ್ಲಿಯೂ ಅವೇ. ಬಾಣಲೆಯ ಎಣ್ಣೆ ಬೇರೆ ಬೇರೆ ಇರುತ್ತದೆ ಎಂದು ನಿರೀಕ್ಷಿಸಲಾಗದು. ಅಷ್ಟು ಕಟ್ಟುನಿಟ್ಟಾಗಿರುವವರಿಗೆ ಪಿಂಚೊ ಬಾರು ಒಗ್ಗುವ ಜಾಗವಲ್ಲ ಎಂದು ನೇರವಾಗಿ ಹೇಳುವುದೇ ಒಳ್ಳೆಯದು.

ಇನ್ನು ನಿಶ್ಚಿಂತೆಯಿಂದ ಕೇಳಬಹುದಾದವು. ಗೆರ್ನಿಕ ಊರಿನ ಎಳೆಯ ಹಸಿರು ಮೆಣಸನ್ನು ಆಲಿವ್ ಎಣ್ಣೆಯಲ್ಲಿ ಹುರಿದು ಹರಳುಪ್ಪು ಉದುರಿಸಿ ಕೊಡುತ್ತಾರೆ. ಖಾರವಿಲ್ಲ, ಬೇಸಿಗೆಯಿಂದ ಶರತ್ಕಾಲದವರೆಗೆ ಚೆನ್ನಾಗಿರುತ್ತದೆ. ಬೇಸಿಗೆಯ ಟೊಮೇಟೊವನ್ನು ದಪ್ಪ ಹೋಳುಗಳಾಗಿ ಹೆಚ್ಚಿ ಎಣ್ಣೆ ಮತ್ತು ಉಪ್ಪು ಮಾತ್ರ ಹಾಕಿ ಕೊಡುವ ತಟ್ಟೆಯನ್ನು ಕಂಡು ಇದರಲ್ಲೇನಿದೆ ಎನಿಸಬಹುದು, ತಿಂದ ಮೇಲೆ ಹಾಗೆನ್ನುವವರು ಕಡಿಮೆ. ಮೊಟ್ಟೆ ತಿನ್ನುವವರಿಗೆ ತೊರ್ತಿಯ ಎಲ್ಲ ಬಾರಿನಲ್ಲಿಯೂ ಆಸರೆ, ಆದರೆ ಕೆಲವು ಕಡೆ ಅದರೊಳಗೆ ಕಾಡ್ ಮೀನೋ ಸಾಸೇಜೋ ಇರುವುದರಿಂದ ಕೇಳಿಯೇ ತೆಗೆದುಕೊಳ್ಳಬೇಕು. ಲಾಚ ಮತ್ತು ಕರ್ರಾಂಸಾನ ತಳಿಯ ಕುರಿಗಳ ಹಸಿಹಾಲಿನಿಂದ ಮಾಡುವ ಇದಿಯಾಸಬಲ್ ಗಿಣ್ಣು, ಅಕ್ರೋಡು, ಸೀಬೆಯಂಥ ಕ್ವಿನ್ಸ್ ಹಣ್ಣಿನ ಗಟ್ಟಿ ಜಾಮು, ಈ ಮೂರರ ಜೋಡಣೆ ಅಪರೂಪದ್ದು. ಈ ಗಿಣ್ಣಿನ ಹೆಪ್ಪಿಗೆ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಸಂಪ್ರದಾಯವಾದ್ದರಿಂದ ಶುದ್ಧ ಸಸ್ಯಾಹಾರಿಗಳು ಯೋಚಿಸಿ ನಿರ್ಧರಿಸಲಿ. ಗುಂಪಿನಲ್ಲಿ ನಾಲ್ಕೈದು ಸಸ್ಯಾಹಾರಿಗಳಿದ್ದರೆ ಬಿಡಿ ಪಿಂಚೊಗಳ ಬದಲು 'ರಸಿಯೋನ್' ಎಂಬ ದೊಡ್ಡ ತಟ್ಟೆಯಲ್ಲಿ ಮೆಣಸು, ಅಣಬೆ, ಗಿಣ್ಣುಗಳನ್ನು ತರಿಸಿ ಹಂಚಿಕೊಳ್ಳುವುದು ಸುಲಭ. 'ಮೀಡಿಯಾ' ಎಂದರೆ ಅದರ ಅರ್ಧ ಸಿಗುತ್ತದೆ.

ಐದನೆಯ ಹೆಜ್ಜೆ: ಲೋಟದಲ್ಲಿ ಏನಿರಬೇಕು

ಚಕೊಲಿ ಈ ಕರಾವಳಿಯದೇ ಬಿಳಿ ವೈನ್. ಓಂದರ್ರಬಿ ಸುರಿ ಎಂಬ ಸ್ಥಳೀಯ ದ್ರಾಕ್ಷಿಯಿಂದ ಮಾಡುವ ಇದರಲ್ಲಿ ಆಲ್ಕೋಹಾಲ್ ಪ್ರಮಾಣ ಶೇಕಡ 11ರ ಆಸುಪಾಸು. ಹುಳಿ ಎದ್ದು ಕಾಣುವಂಥದ್ದು, ಗೆತಾರಿಯ ಕಡೆಯದರಲ್ಲಿ ಸಣ್ಣ ಗುಳ್ಳೆಗಳ ಚುರುಕೂ ಇರುತ್ತದೆ. ಆ ಗುಳ್ಳೆಗಳನ್ನು ಎಬ್ಬಿಸಲೆಂದೇ ಬಾಟಲಿಯನ್ನು ತಲೆಯೆತ್ತರಕ್ಕೆ ಹಿಡಿದು ಅಗಲ ಲೋಟಕ್ಕೆ ತೆಳುವಾಗಿ ಸುರಿಯುತ್ತಾರೆ. ಸ್ವಲ್ಪವೇ ಸುರಿದರೆಂದು ಬೇಸರಿಸಬೇಕಿಲ್ಲ, ಬಿಸಿಯಾಗುವ ಮೊದಲು ಕುಡಿದು ಮುಗಿಸಬೇಕಾದ ಪಾನೀಯವದು. ಗೆತಾರಿಯ, ಬಿಸ್ಕಾಯ, ಅರಾಬ ಎಂಬ ಮೂರು ಮೂಲಪ್ರದೇಶಗಳಿಗೆ ಕ್ರಮವಾಗಿ 1989, 1994 ಮತ್ತು 2001ರಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿತು. ಉಪ್ಪು ಮೀನು, ಕರಿದ ಮೆಣಸು, ಹಿಲ್ಡಾ ಇವುಗಳ ಜೊತೆಗೆ ಇದಕ್ಕಿಂತ ಹೊಂದುವ ವೈನನ್ನು ನಾನು ಕಾಣೆ. ಇದನ್ನು ವರ್ಷಗಟ್ಟಲೆ ಕೂಡಿಡುವ ವಾಡಿಕೆ ಇಲ್ಲ, ಆದ್ದರಿಂದ ಬಾಟಲಿ ಕೊಳ್ಳುವಾಗ ಇತ್ತೀಚಿನ ಇಸವಿಯದನ್ನೇ ಕೇಳಿ.

ಅಣಬೆ, ಮಾಂಸ, ಹಳೆಯ ಗಿಣ್ಣುಗಳಿಗೆ ಕೆಂಪು ವೈನ್ ಬೇಕು, ಅದು ಬರುವುದು ಬೆಟ್ಟದಾಚೆಯ ರಿಯೋಹ ಅಲಾವೆಸದಿಂದ. ರಿಯೋಹ ವೈನ್ ಎಂದರೆ ನೆರೆಯ ಲಾ ರಿಯೋಹ ಪ್ರಾಂತ್ಯ ನೆನಪಿಗೆ ಬರುತ್ತದೆ, ಆದರೆ ಆ ವೈನ್ ಪ್ರದೇಶದ ಒಂದು ಮುಖ್ಯ ಭಾಗ ಬಾಸ್ಕ್ ನಾಡಿನ ಅರಾಬ ಪ್ರಾಂತ್ಯದೊಳಗಿದೆ. ತೆಂಪ್ರನಿಯೊ ಅಲ್ಲಿನ ಪ್ರಧಾನ ದ್ರಾಕ್ಷಿ. ಬಾರಿನಲ್ಲಿ ಮೂರು ಪದಗಳು ತಿಳಿದಿದ್ದರೆ ಸಾಕು: 'ಕೊಸೆಚೆರೊ' ಎಂದರೆ ಆ ವರ್ಷದ ಎಳೆಯ ವೈನ್, 'ಕ್ರಿಯಾಂಸ' ಎಂದರೆ ಕನಿಷ್ಠ ಎರಡು ವರ್ಷ ಹಣ್ಣಾದದ್ದು, 'ರೆಸೆರ್ವ' ಎಂದರೆ ಕನಿಷ್ಠ ಮೂರು ವರ್ಷದ್ದು, ಕೊನೆಯ ಎರಡೂ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿರಬೇಕು. ಹಳೆಯದೆಲ್ಲ ಮೇಲೆಂದು ಭಾವಿಸುವ ಪ್ರವಾಸಿಗರು ಕೊಸೆಚೆರೊವನ್ನು ಕೀಳಾಗಿ ನೋಡುತ್ತಾರೆ. ದ್ರಾಕ್ಷಿಯನ್ನು ಗೊಂಚಲಿನ ಸಮೇತ, ಹಿಂಡದೆ ಹುಳಿಬರಿಸಿ ಮಾಡುವ ಈ ಎಳೆಯ ವೈನ್ ಹಣ್ಣಿನ ಘಮದಿಂದ ಕೂಡಿದ್ದು, ಹಗುರ, ಬೆಲೆಯೂ ಕಡಿಮೆ. ಬಾರಿನಿಂದ ಬಾರಿಗೆ ನಡೆಯುವ ಸಂಜೆಗೆ ನಾನಾದರೆ ಅದನ್ನೇ ಆರಿಸುತ್ತೇನೆ.

ವೈನ್ ಬೇಡವಾದವರಿಗೆ 'ಸುರಿತೊ' ಎಂಬ ಪುಟ್ಟ ಲೋಟದ ಬಿಯರ್ ಇದೆ. ಮದ್ಯವೇ ಬೇಡವಾದವರು 'ಮೊಸ್ತೊ' ಕೇಳಬೇಕು: ಹುಳಿಬರಿಸದ ದ್ರಾಕ್ಷಿರಸವದು, ಮಂಜುಗಡ್ಡೆಯೊಂದಿಗೆ ವೈನಿನಷ್ಟೇ ಗೌರವದಿಂದ ಬಡಿಸುತ್ತಾರೆ, ದೊಡ್ಡವರೂ ಕುಡಿಯುತ್ತಾರೆ. ಐದು ಬಾರು ಸುತ್ತುವವರು ಎರಡು ಕಡೆಯಾದರೂ ಮೊಸ್ತೊ ಅಥವಾ ನೀರು ತೆಗೆದುಕೊಳ್ಳುವುದು ಜಾಣತನ. ಲೋಟ ಚಿಕ್ಕದಾದರೂ ಲೆಕ್ಕ ಕೂಡುತ್ತಲೇ ಹೋಗುತ್ತದೆ.

ಸೇಬಿನ ಮದ್ಯವಾದ ಸಗರ್ದೊವನ್ನು ಬಾರಿನಲ್ಲಿ ಕುಡಿಯುವುದಕ್ಕಿಂತ ಅದರ ಮನೆಗೇ ಹೋಗುವುದು ಚೆಂದ. ಜನವರಿ ನಡುವಿನಿಂದ ಏಪ್ರಿಲ್ ಕೊನೆಯವರೆಗೆ, ಸಾನ್ ಸೆಬಾಸ್ತಿಯಾನಿಗೆ ಹತ್ತಿರದ ಅಸ್ತಿಗರ್ರಾಗ ಮತ್ತು ಎರ್ನಾನಿ ಊರುಗಳ ಸೇಬುಮದ್ಯದ ಮನೆಗಳಲ್ಲಿ ಊಟದ ನಡುನಡುವೆ 'ಚೊಚ್' ಎಂಬ ಕೂಗು ಏಳುತ್ತದೆ. ಕೂಡಲೇ ಎಲ್ಲರೂ ಲೋಟ ಹಿಡಿದು ಪೀಪಾಯಿಯ ಮುಂದೆ ಸಾಲು ನಿಂತು, ಸಣ್ಣ ತೂತಿನಿಂದ ದೂರಕ್ಕೆ ಚಿಮ್ಮುವ ಧಾರೆಯನ್ನು ಲೋಟ ಓರೆಮಾಡಿ ಹಿಡಿಯಬೇಕು. ಒಂದೆರಡು ಬೆರಳಿನಷ್ಟನ್ನೇ ಹಿಡಿದು ಸರಿಯುವುದು ಶಿಷ್ಟಾಚಾರ. ರುಚಿ ಒಗರು ಮತ್ತು ಹುಳಿ, ಸಿಹಿಯ ಸುಳಿವಿಲ್ಲ. ಅಲ್ಲಿನ ಊಟ ಕಾಡ್ ಮೀನು ಮತ್ತು ದೊಡ್ಡ ದನದ ಮಾಂಸದ ತುಂಡಿಗೆ ಕಟ್ಟುಬಿದ್ದದ್ದರಿಂದ ಅವನ್ನು ತಿನ್ನದವರು ಮೊದಲೇ ಫೋನ್ ಮಾಡಿ ಏರ್ಪಾಡು ಮಾಡಿಕೊಳ್ಳಬೇಕು.

ಆರನೆಯ ಹೆಜ್ಜೆ: ದ್ರಾಕ್ಷಿತೋಟಗಳ ಕಡೆಗೆ ಒಂದು ದಿನ

ಎರಡು ದಾರಿಗಳಿವೆ. ಅರ್ಧ ದಿನ ಮಾತ್ರ ಇದ್ದರೆ ಬಸ್ಸಿನಲ್ಲಿ ಗೆತಾರಿಯಕ್ಕೆ ಹೋಗಿ. ಭೂಮಿಯನ್ನು ಮೊದಲ ಬಾರಿಗೆ ಸುತ್ತಿದ ಹಡಗನ್ನು 1522ರಲ್ಲಿ ಮರಳಿ ತಂದ ಹುವಾನ್ ಸೆಬಾಸ್ತಿಯಾನ್ ಎಲ್ಕಾನೊ ಹುಟ್ಟಿದ ಮೀನುಗಾರರ ಊರದು. ಊರಿನ ಮೇಲಿನ ಇಳಿಜಾರಿನಲ್ಲಿ ಚಕೊಲಿ ಬಳ್ಳಿಗಳನ್ನು ತಲೆಯ ಮೇಲಿನ ಚಪ್ಪರಕ್ಕೆ ಹಬ್ಬಿಸಿರುವುದನ್ನು ನೋಡಬಹುದು. ಕಡಲಿನ ತೇವದಿಂದ ಗೊಂಚಲುಗಳನ್ನು ನೆಲದಿಂದ ದೂರ, ಗಾಳಿಯಾಡುವಂತೆ ಇಡುವ ಉಪಾಯವದು.

ಇಡೀ ದಿನವಿದ್ದರೆ ಲಾಗ್ವಾರ್ದಿಯ. ಗೋಡೆ ಕಟ್ಟಿದ ಈ ಗುಡ್ಡದ ಊರಿನ ಅಡಿಯೆಲ್ಲ ವೈನ್ ನೆಲಮಾಳಿಗೆಗಳಿಂದ ತುಂಬಿದೆ, ಅವು ಕುಸಿಯಬಾರದೆಂದು ಮೇಲಿನ ಬೀದಿಗಳಲ್ಲಿ ವಾಹನಗಳಿಗೆ ನಿರ್ಬಂಧವಿದೆ. ನೀತಿಕಥೆಗಳನ್ನು ಬರೆದ ಸಮಾನಿಯೇಗೊ 1745ರಲ್ಲಿ ಹುಟ್ಟಿದ್ದು ಇಲ್ಲಿ, ಅವನ ನೆನಪಿನ ಹೆಸರಿಟ್ಟುಕೊಂಡ ಎಲ್ ಫಬುಲಿಸ್ತ ಎಂಬ ನೆಲಮಾಳಿಗೆಯನ್ನು ನೋಡಲು ಅವಕಾಶವಿದೆ. ಹತ್ತಿರದ ಎಲ್ಸಿಯೇಗೊದಲ್ಲಿ 1858ರಲ್ಲಿ ಸ್ಥಾಪನೆಯಾದ ಮಾರ್ಕೆಸ್ ದೆ ರಿಸ್ಕಾಲ್ ಎಂಬ ವೈನ್ ತಯಾರಿಕೆಯ ಸಂಸ್ಥೆ ಇದೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ವಿಧಾನವನ್ನು ಈ ಕಡೆಗೆ ತಂದ ಮೊದಲಿಗರಲ್ಲಿ ಇವರೂ ಸೇರಿದ್ದಾರೆ, ಮತ್ತು ಅದರ ಆವರಣದಲ್ಲಿ ಫ್ರಾಂಕ್ ಗೆರಿ ವಿನ್ಯಾಸದ ಹೋಟೆಲು 2006ರಲ್ಲಿ ತೆರೆಯಿತು. ನನ್ನ ಆಯ್ಕೆ ಕೇಳಿದರೆ ದೊಡ್ಡ ಕಟ್ಟಡವನ್ನು ಹೊರಗಿನಿಂದ ನೋಡಿ, ರುಚಿ ನೋಡಲು ಊರಿನ ಸಣ್ಣ ನೆಲಮಾಳಿಗೆಗೇ ಹೋಗಬೇಕೆನ್ನುತ್ತೇನೆ. ಎಲ್ಲಿಗೆ ಹೋದರೂ ಮುಂಗಡ ಕಾಯ್ದಿರಿಸುವುದು ಅಗತ್ಯ. ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಕೊಯ್ಲಿನ ಕಾಲದಲ್ಲಿ ನೋಡಲು ಬಹಳಷ್ಟಿದ್ದರೂ ತೋರಿಸಲು ಮಾಲೀಕರಿಗೆ ಬಿಡುವು ಕಡಿಮೆ. ರುಚಿ ನೋಡುವಾಗ ಉಗುಳುವ ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಾರು ಬಾಡಿಗೆಗೆ ತೆಗೆದುಕೊಂಡಿದ್ದರೆ ಓಡಿಸುವವರು ಒಂದು ತೊಟ್ಟೂ ಕುಡಿಯದಿರಲಿ; ಇಲ್ಲವೇ ವಿತೋರಿಯ ಅಥವಾ ಲೊಗ್ರೊನ್ಯೊದಿಂದ ಬಸ್ಸು ಹಿಡಿಯುವುದು ನೆಮ್ಮದಿ.

ಊರಿಗೆ ಬಾಟಲಿ ತರುವವರಿಗೆ

ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರು ಸುಂಕವಿಲ್ಲದೆ ತಲಾ 2 ಲೀಟರ್ ಮದ್ಯ ಅಥವಾ ವೈನ್ ತರಬಹುದು. 750 ಮಿಲಿಲೀಟರಿನ ಎರಡು ಬಾಟಲಿಗಳು ಈ ಮಿತಿಯೊಳಗೆ ಬರುತ್ತವೆ, ಮೂರನೆಯದು ಬರುವುದಿಲ್ಲ. ತೋಟದಲ್ಲಿಯೋ ಪೇಟೆಯಲ್ಲಿಯೋ ಕೊಂಡ ಬಾಟಲಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಭದ್ರತಾ ತಪಾಸಣೆಗೆ ಹೋದರೆ ಅದನ್ನು ಅಲ್ಲಿಯೇ ಬಿಟ್ಟು ಬರಬೇಕಾಗುತ್ತದೆ, ಆದ್ದರಿಂದ ದಪ್ಪ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಪ್ಪಿಸುವ ಪೆಟ್ಟಿಗೆಯ ನಡುಭಾಗದಲ್ಲಿ ಇಡಬೇಕು. ಎರಡೇ ಬಾಟಲಿಗೆ ಜಾಗವಿರುವಾಗ ಎರಡೂ ರಿಯೋಹ ಆಗಿರಲಿ. ಚಕೊಲಿಯನ್ನು ಅಲ್ಲಿಯೇ ಕುಡಿದು ಬರುವುದು ಒಳ್ಳೆಯದು, ಇಬಾರ್ರ ಮೆಣಸಿನ ಸೀಸೆಯೊಂದಕ್ಕೆ ಮಾತ್ರ ಪೆಟ್ಟಿಗೆಯ ಮೂಲೆಯಲ್ಲಿ ಜಾಗ ಮಾಡಿಕೊಳ್ಳಬಹುದು.